ಮುಳುಗಡೆ ಊರಿನ ವಾರಪತ್ರಿಕೆ ಮತ್ತು ಎರಡು ಹಳೇ ಹಾರ್ಡ್ ಡಿಸ್ಕ್: ಒಂದು ಪ್ರಕರಣ ಅಧ್ಯಯನ

ಹಳೇ ಬಾಗಲಕೋಟೆಯಲ್ಲಿ 1990ರ ದಶಕದ ಕೊನೆಗೆ ಒಂದು ವಾರಪತ್ರಿಕೆ ಬರುತ್ತಿತ್ತು. ನಾಲ್ಕೇ ಪುಟ, ಕಪ್ಪು ಬಿಳುಪು. ಸಂಪಾದಕರು, ವರದಿಗಾರರು, ಡಿಟಿಪಿಗೆ (ಕಂಪ್ಯೂಟರಿನಲ್ಲಿ ಪುಟ ಜೋಡಿಸಲು) ಕೂರುವವರು ಎಲ್ಲ ಒಬ್ಬರೇ. ಜೀವನಕ್ಕೆ ಅಂತ ಅದೇ ಕೋಣೆಯಲ್ಲಿ ಲಗ್ನಪತ್ರಿಕೆ, ಕರಪತ್ರ, ಅರ್ಜಿ ಕೂಡ ಮಾಡಿಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಉಳಿದದ್ದು ಎರಡು ಹಾರ್ಡ್ ಡಿಸ್ಕ್. ಆ ಡಿಸ್ಕ್‌ಗಳಿಂದ ಏನು ಸಿಕ್ಕಿತು, ಹೇಗೆ ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು ಬೇಡ ಎಂದಿದ್ದಾರೆ, ಹಾಗಾಗಿ ಅವರದ್ದಾಗಲಿ ಪತ್ರಿಕೆಯದ್ದಾಗಲಿ ಹಾಕಿಲ್ಲ.

ಈ ಪತ್ರಿಕೆಗೆ ಯಾಕಿಷ್ಟು ಬೆಲೆ ಅಂತ ಹೊರಗಿನವರಿಗೆ ಹೇಳಬೇಕು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಕೆಲಸ ಮುಗಿಯಲು ದಶಕಗಳೇ ಹಿಡಿದವು. 519.60 ಮೀಟರ್ ಮಟ್ಟಕ್ಕೆ ನೀರು ನಿಲ್ಲಿಸಿದಾಗ ಹಿನ್ನೀರು ಘಟಪ್ರಭೆಯ ದಂಡೆಯಲ್ಲಿದ್ದ ಹಳೇ ಊರಿನೊಳಗೆ ಬಂತು. ಜನ ತಮಗಾಗಿ ಕಟ್ಟಿದ ಹೊಸ ಊರು ನವನಗರಕ್ಕೆ ಹೋದರು. ಅತ್ತ 1997ರಲ್ಲಿ ಬಾಗಲಕೋಟೆ ಬಿಜಾಪುರದಿಂದ ಬೇರೆಯಾಗಿ ಜಿಲ್ಲೆಯೂ ಆಗಿತ್ತು. ಜಿಲ್ಲಾ ಕೇಂದ್ರ ಆದ ಹೊತ್ತಿನಲ್ಲೇ ಊರು ಖಾಲಿಯಾಗುತ್ತಿತ್ತು. ದೊಡ್ಡ ಪತ್ರಿಕೆಗಳಲ್ಲಿ ಅಣೆಕಟ್ಟಿನ ಎತ್ತರ ಮತ್ತು ಪರಿಹಾರದ ಸುದ್ದಿ ಬಂತು. ಯಾವ ಓಣಿಗೆ ನೋಟಿಸ್ ಬಂತು, ಯಾವ ಗುಡಿಯ ದೇವರನ್ನು ಎಲ್ಲಿಗೆ ಒಯ್ದರು, ಕಿಲ್ಲಾ ಓಣಿಯ ಹೋಳಿ ಹಲಗೆ ಮೇಳ ಆ ವರ್ಷ ಹೇಗಾಯಿತು ಎಂಬುದೆಲ್ಲ ಇಂಥ ಸಣ್ಣ ಪತ್ರಿಕೆಯಲ್ಲೇ ಇತ್ತು.

ಅಚ್ಚಾದ ಪ್ರತಿಗಳು ಮನೆ ಬದಲಿಸುವಾಗ ಗೋಣಿಚೀಲಕ್ಕೆ ಹೋದವು. ಚೀಲ ಒಂದು ಮಳೆಗಾಲ ನೆನೆಯಿತು, ಉಳಿದದ್ದನ್ನು ಗೆದ್ದಲು ತಿಂದಿತು. ಡಿಸ್ಕ್ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಡಿಸ್ಕ್ ತಂದವರು ಸಂಪಾದಕರ ಮಗಳು. ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ ನವನಗರದಲ್ಲಿದೆ. ಟೇಬಲ್ ಮೇಲೆ ಎರಡೂ ಡಿಸ್ಕ್ ಇಟ್ಟು, “ಅಣ್ಣಾರ, ಯಾವುದರಾಗ ಏನೈತಿ ಗೊತ್ತಿಲ್ರಿ. ಅಪ್ಪಾರ ಪೇಪರ್ ಸಿಕ್ಕರ ಸಾಕು” ಅಂದರು. ನಾನು ಮೊದಲು ಕೇಳಿದ್ದು ಒಂದೇ: “ಅಕ್ಕಾರ, ಇವನ್ನ ಎಲ್ಲ್ಯಾರ ಹಚ್ಚಿ ನೋಡೀರೇನ್ರಿ?” ಹೌದು, ಬೇರೆ ಊರಿನ ಒಂದು ಅಂಗಡಿಯಲ್ಲಿ ವಿಂಡೋಸ್ ಕಂಪ್ಯೂಟರಿಗೆ ಹಚ್ಚಿದ್ದರು. “ಸ್ಕ್ಯಾನ್ ಮಾಡಿದ್ರು, ಏನೂ ಕಾಣವಲ್ದು ಅಂದ್ರು.”

ಈ ಪ್ರಶ್ನೆಯನ್ನು ಯಾವತ್ತೂ ಮೊದಲೇ ಕೇಳಬೇಕು. ವಿಂಡೋಸ್‌ಗೆ ಡಿಸ್ಕ್ ಹಚ್ಚಿದರೆ ಅದು ಸುಮ್ನೆ ಓದಿ ಬಿಡುವುದಿಲ್ಲ. ತನ್ನದೇ ಫೋಲ್ಡರ್ ಬರೆಯುತ್ತದೆ, ಫೈಲ್ ನೋಡಿದ ತಾರೀಖು ಬದಲಿಸುತ್ತದೆ. ದೋಷ ಕಂಡರೆ ಸರಿಪಡಿಸಲೇ ಎಂದು ಕೇಳುತ್ತದೆ. ನಾವು ಹೌದು ಅಂದರೆ ಹರಿದುಹೋದ ಫೈಲುಗಳ ಹೆಸರು ಕಿತ್ತು, ನಂಬರ್ ಕೊಟ್ಟು ಒಂದು ಅಡಗಿದ ಫೋಲ್ಡರಿಗೆ ಹಾಕುತ್ತದೆ. ಈ ಡಿಸ್ಕಿಗೂ ಅದೇ ಆಗಿತ್ತು. ಅದೃಷ್ಟಕ್ಕೆ ಫಾರ್ಮ್ಯಾಟ್ ಮಾಡಿರಲಿಲ್ಲ.

ಮೊದಲು ಕಣ್ಣಿನ ಕೆಲಸ

ಒಂದು ಕ್ವಾಂಟಮ್ ಫೈರ್‌ಬಾಲ್, 4.3 ಜಿಬಿ. ಇನ್ನೊಂದು ಸೀಗೇಟ್, 20 ಜಿಬಿ. ಎರಡೂ ಐಡಿಇ, ಅಂದರೆ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಹಳೇ ಪದ್ಧತಿಯವು. ಹಿಂದೆ 40 ಪಿನ್ನಿನ ಕನೆಕ್ಟರ್, ಪಕ್ಕದಲ್ಲಿ ಪವರಿಗೆ ನಾಲ್ಕು ಪಿನ್ನಿನ ದೊಡ್ಡ ಮೋಲೆಕ್ಸ್. 2003ರಿಂದ ಸಾಟಾ ಎಂಬ ಹೊಸ ಪದ್ಧತಿ ಬಂದು ಇವು ಮೂಲೆಗೆ ಸೇರಿದವು. ಇವತ್ತಿನ ಮದರ್‌ಬೋರ್ಡುಗಳಲ್ಲಿ ಇವಕ್ಕೆ ಜಾಗವೇ ಇಲ್ಲ. ಇವನ್ನು ಮಾಡಿದವರ ಸಹಾಯವೂ ಸಿಗುವುದಿಲ್ಲ. ಕ್ವಾಂಟಮ್‌ನ ಹಾರ್ಡ್ ಡಿಸ್ಕ್ ವಿಭಾಗ 2001ರಲ್ಲಿ ಮ್ಯಾಕ್ಸ್‌ಟರ್ ಪಾಲಾಯಿತು, ಮ್ಯಾಕ್ಸ್‌ಟರ್ 2006ರಲ್ಲಿ ಸೀಗೇಟ್ ಪಾಲಾಯಿತು. ಈಗ ಬಿಡಿಭಾಗ ಬೇಕಾದರೆ ಗುಜರಿಯೇ ಗತಿ.

ಡಿಸ್ಕ್‌ಗಳು ಅಟ್ಟದ ಮೇಲೆ ಇದ್ದವು. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯಲು ಶುರುವಾಗಿತ್ತು. ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಡಬ್ಬಿ ಅಂತ ಜನ ತಿಳಿಯುತ್ತಾರೆ. ಅಲ್ಲ. ಗಾಳಿಯ ಒತ್ತಡ ಸರಿದೂಗಲು ಅದಕ್ಕೊಂದು ಸಣ್ಣ ತೂತು ಇರುತ್ತದೆ, ಒಳಗೆ ಫಿಲ್ಟರ್. ತೇವ ನಿಧಾನಕ್ಕೆ ಒಳಗೂ ಹೋಗಬಹುದು. ಹಾಗಾಗಿ ಕರೆಂಟ್ ಕೊಡುವ ಮೊದಲು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿಟ್ಟು ಒಣಗಲು ಬಿಟ್ಟೆ. ಬಿಸಿಲಿಗೆ ಇಡಬಾರದು, ಹೇರ್ ಡ್ರೈಯರ್ ಹಿಡಿಯಬಾರದು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತೊಂದು ಬಹಳ ವರ್ಷದಿಂದ ಓಡಾಡುತ್ತಿದೆ. ದಯವಿಟ್ಟು ಅದನ್ನು ನಂಬಬೇಡಿ. ಹೊರಗೆ ತೆಗೆದ ತಕ್ಷಣ ಒಳಗಿನ ತಟ್ಟೆಗಳ ಮೇಲೆ ನೀರ ಹನಿ ಕಟ್ಟುತ್ತದೆ. ಓದುವ ಹೆಡ್ ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಹಾರುತ್ತಿರುತ್ತದೆ. ಧೂಳಿನ ಕಣವೇ ಅದಕ್ಕೆ ಅಡ್ಡಿ. ನೀರ ಹನಿ ಸಿಕ್ಕರೆ ಮುಗಿಯಿತು.

ಆಮೇಲೆ ಕನೆಕ್ಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮೆಲ್ಲಗೆ ಒರೆಸಿದೆ. ಬಾಗಿದ್ದ ಒಂದು ಪಿನ್ ನೆಟ್ಟಗೆ ಮಾಡಿದೆ. ಎರಡೂ ಡಿಸ್ಕ್ ಒಂದೇ ಕೇಬಲ್ಲಿನಲ್ಲಿ ಕೂತಿದ್ದವು ಅಂತ ಜಂಪರ್ (ಡಿಸ್ಕ್ ಮಾಸ್ಟರ್, ಅಂದರೆ ಮುಖ್ಯವೋ, ಸ್ಲೇವ್, ಅಂದರೆ ಅದರ ಜೊತೆಯದೋ ಎಂದು ತಿಳಿಸಲು ಪಿನ್ನಿಗೆ ಹಾಕುವ ಸಣ್ಣ ಟೋಪಿ) ನೋಡಿದರೇ ತಿಳಿಯುತ್ತಿತ್ತು. ಸೀಗೇಟ್ ಮಾಸ್ಟರ್, ಕ್ವಾಂಟಮ್ ಸ್ಲೇವ್. ಅಂದರೆ 4.3 ಜಿಬಿಯದ್ದು ಮೊದಲು ತಂದ ಡಿಸ್ಕ್, ಜಾಗ ಸಾಲದೆ ಆಮೇಲೆ 20 ಜಿಬಿ ತಂದಿದ್ದಾರೆ. ಒಂಟಿಯಾಗಿ ಹಚ್ಚುವಾಗ ಸ್ಲೇವ್ ಜಂಪರನ್ನು ಮಾಸ್ಟರ್ ಜಾಗಕ್ಕೆ ಬದಲಿಸಬೇಕು. ಸತ್ತಿದೆ ಅಂತ ವಾಪಸ್ ಬರುವ ಎಷ್ಟೋ ಐಡಿಇ ಡಿಸ್ಕ್‌ಗಳ ರೋಗ ಬರೀ ಈ ಜಂಪರ್.

ಡಿಸ್ಕ್ ಮುಟ್ಟುವುದು ಒಂದೇ ಸಲ

ಈ ಇಡೀ ಪ್ರಕರಣದಲ್ಲಿ ನಾನು ಒತ್ತಿ ಹೇಳಬೇಕಾದ್ದು ಇಲ್ಲಿದೆ. ಹಳೇ ಡಿಸ್ಕಿನಿಂದ ಫೈಲ್ ಹುಡುಕಬಾರದು. ಡಿಸ್ಕ್ ಮಾಹಿತಿಯನ್ನು ಸೆಕ್ಟರ್ ಎಂಬ ಸಣ್ಣ ತುಂಡುಗಳಲ್ಲಿ ಇಡುತ್ತದೆ. ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನ ತನಕ ಇಡೀ ಡಿಸ್ಕಿನ ನಕಲು ತೆಗೆಯಬೇಕು. ಅದಕ್ಕೆ ಇಮೇಜ್ ಅನ್ನುತ್ತೇವೆ. ಹುಡುಕಾಟ, ರಿಪೇರಿ, ಪ್ರಯೋಗ ಎಲ್ಲ ಆ ನಕಲಿನ ಮೇಲೆ. ಇಪ್ಪತ್ತು ವರ್ಷ ತಿರುಗದ ಡಿಸ್ಕ್ ಇವತ್ತು ತಿರುಗಿತು ಅಂದರೆ ನಾಳೆಯೂ ತಿರುಗುತ್ತದೆ ಅನ್ನುವ ಭರವಸೆ ಇಲ್ಲ. ಸಿಕ್ಕ ಆ ಹೊತ್ತನ್ನು ಫೋಲ್ಡರ್ ತೆರೆದು ಮುಚ್ಚುವುದರಲ್ಲಿ ಕಳೆದರೆ ಹೇಗೆ?

ಯುಎಸ್‌ಬಿಗೆ ಹಚ್ಚುವ ಸಣ್ಣ ಅಡಾಪ್ಟರ್ ಸುಲಭವಾಗಿ ಸಿಗುತ್ತದೆ. ಚೆನ್ನಾಗಿರುವ ಡಿಸ್ಕಿಗೆ ಅದು ಸಾಕು. ಕೆಟ್ಟ ಸೆಕ್ಟರ್ ಬಂದಾಗ ಮಾತ್ರ ಎಷ್ಟೋ ಅಡಾಪ್ಟರುಗಳು ಅಲ್ಲೇ ಸಿಕ್ಕಿಬೀಳುತ್ತವೆ, ಏನಾಯಿತು ಅಂತ ಕಂಪ್ಯೂಟರಿಗೆ ಸರಿಯಾಗಿ ಹೇಳುವುದೂ ಇಲ್ಲ. ಅದಕ್ಕೇ ನಾನು ಐಡಿಇ ಪೋರ್ಟ್ ಇರುವ ಒಂದು ಪೆಂಟಿಯಂ 4 ಬೋರ್ಡನ್ನು ಜೋಪಾನ ಮಾಡಿದ್ದೇನೆ. ಅದರಲ್ಲಿ ಲಿನಕ್ಸ್ ಓಡುತ್ತದೆ. ಡಿಸ್ಕನ್ನು ತಾನಾಗಿ ತೆರೆಯದ ಹಾಗೆ ಹೊಂದಿಸಿದ್ದೇನೆ.

ಕ್ವಾಂಟಮ್‌ಗೆ ಕರೆಂಟ್ ಕೊಟ್ಟಾಗ ಮೊದಲು ಒಂದು ನರಳುವ ಸದ್ದು, ಆಮೇಲೆ ಒಂದೇ ಸಮ ತಿರುಗಾಟ. ಬೋರ್ಡ್ ಅದನ್ನು ಗುರುತಿಸಿತು. ನಕಲಿಗೆ ಬಳಸಿದ್ದು ಜಿಎನ್‌ಯು ಡಿಡಿರೆಸ್ಕ್ಯೂ. ಉಚಿತ ತಂತ್ರಾಂಶ, ಬರೆದವರು ಆಂಟೋನಿಯೊ ಡಿಯಾಜ್ ಡಿಯಾಜ್. ಇದರ ಜಾಣತನ ಏನೆಂದರೆ ಕೆಟ್ಟ ಜಾಗ ಬಂದರೆ ಅಲ್ಲಿ ಹಠ ಹಿಡಿದು ಕೂರುವುದಿಲ್ಲ. ಜಿಗಿದು ಮುಂದಿನ ಒಳ್ಳೇ ಭಾಗವನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಯಾವ ಸೆಕ್ಟರ್ ಬಂತು, ಯಾವುದು ಬರಲಿಲ್ಲ ಅಂತ ಒಂದು ನಕ್ಷೆ ಫೈಲಿನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಶುರು ಮಾಡಬಹುದು. ನಮ್ಮ ಕಡೆ ಬೇಸಿಗೆಯಲ್ಲಿ ಇದು ಸಣ್ಣ ಅನುಕೂಲ ಅಲ್ಲ.

4.3 ಜಿಬಿ ಅಂದರೆ 512 ಬೈಟಿನ 84 ಲಕ್ಷದಷ್ಟು ಸೆಕ್ಟರ್. ಬಹುಪಾಲು ಮೊದಲ ಸುತ್ತಿನಲ್ಲೇ, ಚಹಾ ಕುಡಿದು ಬರುವಷ್ಟರಲ್ಲಿ ಬಂತು. ಉಳಿದ ಸ್ವಲ್ಪಕ್ಕೆ ಇಡೀ ರಾತ್ರಿ ಬೇಕಾಯಿತು. ಕೆಟ್ಟ ಸೆಕ್ಟರನ್ನು ಮತ್ತೆ ಮತ್ತೆ ಓದುವಾಗ ಡಿಸ್ಕ್ ಬಿಸಿಯಾಗುತ್ತದೆ, ಫ್ಯಾನ್ ಹಚ್ಚಿಟ್ಟಿದ್ದೆ. ಕೊನೆಗೆ ಬಾರದೇ ಉಳಿದದ್ದು ಕೆಲವು ನೂರು ಕೆಬಿ. ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಎಳೆದರೆ ಎರಡು ಸೆಕ್ಟರ್ ಸಿಗಬಹುದಿತ್ತು, ಹೆಡ್ಡೇ ಹೋಗಲೂಬಹುದಿತ್ತು. ಕೈಯಲ್ಲಿ ಇಡೀ ಡಿಸ್ಕಿನ ನಕಲು ಇರುವಾಗ ಆ ಜೂಜು ಬೇಡ ಅನಿಸಿತು.

ಸೀಗೇಟ್ ಕಥೆ ಚಿಕ್ಕದು. ಕರೆಂಟ್ ಕೊಟ್ಟ ಕೂಡಲೇ ಟಕ್ ಟಕ್ ಅಂತ ಒಂದೇ ಲಯದ ಹೊಡೆತ. ತಕ್ಷಣ ಆಫ್ ಮಾಡಿದೆ. ಅಂಥ ಸದ್ದು ಬಂದರೆ ಸಾಮಾನ್ಯವಾಗಿ ಹೆಡ್ ಹಾಳಾಗಿದೆ ಅಂತ ಅರ್ಥ. ಇನ್ನೊಂದು ಡಿಸ್ಕಿನ ಹಸಿರು ಬೋರ್ಡ್ ತಂದು ಹಚ್ಚಿದರೆ ಸರಿಹೋಗುವ ರೋಗ ಇದಲ್ಲ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ ಹಾಕಿ ಓದಬೇಕು. ಅಂಥ ಕೋಣೆ ನನ್ನಲ್ಲಿಲ್ಲ, ಹಾಗಾಗಿ ಸ್ಕ್ರೂಡ್ರೈವರ್ ಮುಟ್ಟಿಸಲಿಲ್ಲ.

ತೆರೆದರೆ 1980

ಇಮೇಜಿಗೆ ಒಂದು ಪ್ರತಿ ಮಾಡಿ, ಓದಲು ಮಾತ್ರ ಬರುವಂತೆ ತೆರೆದೆ. ಆ ಕಾಲದ ಡಿಸ್ಕ್‌ಗಳಲ್ಲಿ ಮೊದಲ ಪಾರ್ಟಿಷನ್ (ವಿಭಾಗ) ಸಾಮಾನ್ಯವಾಗಿ 63ನೇ ಸೆಕ್ಟರಿನಿಂದ ಶುರು, ಅಂದರೆ 32,256ನೇ ಬೈಟಿನಿಂದ. ಇಲ್ಲೂ ಹಾಗೇ ಇತ್ತು. ಒಳಗೆ ಫ್ಯಾಟ್ 32 (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಪದ್ಧತಿ), ವಿಂಡೋಸ್ 98. ಪತ್ರಿಕೆಯ ಫೋಲ್ಡರ್ ಕಂಡಾಗ ನಿಜಕ್ಕೂ ಎದೆ ತುಂಬಿ ಬಂತು.

ಆದರೆ ಬಹಳ ಫೈಲುಗಳ ತಾರೀಖು 1980ರ ಜನವರಿ. ಫ್ಯಾಟ್ ಪದ್ಧತಿಯ ಕಾಲಗಣನೆ ಶುರುವಾಗುವುದೇ ಆ ವರ್ಷದಿಂದ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತರೆ ಗಡಿಯಾರ ಅಲ್ಲಿಗೆ ಬಂದು ನಿಲ್ಲುತ್ತದೆ. ಸಂಪಾದಕರು ಬ್ಯಾಟರಿ ಬದಲಿಸದೆ ತಿಂಗಳುಗಟ್ಟಲೆ ಕೆಲಸ ಮಾಡಿದ್ದಾರೆ. ಹಾಗಾಗಿ ಸಂಚಿಕೆಗಳ ಕ್ರಮವನ್ನು ಫೈಲಿನ ತಾರೀಖಿನಿಂದ ಹೇಳಲು ಆಗಲಿಲ್ಲ. ಪುಟದ ನೆತ್ತಿಯ ಮೇಲಿನ ದಿನಾಂಕ ಓದಿಯೇ ಜೋಡಿಸಬೇಕಾಯಿತು.

ಆ ಅಂಗಡಿಯ ಸ್ಕ್ಯಾನ್ ಮಾಡಿಟ್ಟ ನಂಬರ್ ಫೈಲುಗಳದ್ದು ಇನ್ನೊಂದು ಕೆಲಸ. ಹೆಸರಿಲ್ಲ, ಬಗೆ ಗೊತ್ತಿಲ್ಲ. ಫೈಲಿನ ಮೊದಲ ಬೈಟುಗಳನ್ನು ನೋಡಿ ಬಗೆ ಗುರುತಿಸಬಹುದು. ಆದರೆ ಪತ್ರಿಕೆಯ ಪುಟ ಜೋಡಿಸಿದ್ದ ಪೇಜ್‌ಮೇಕರ್ 6.5 ತಂತ್ರಾಂಶದ ಫೈಲೂ ಆಗಿನ ವರ್ಡ್ ಫೈಲೂ ಒಂದೇ ಗುರುತಿನಿಂದ ಶುರುವಾಗುತ್ತವೆ. ಒಳಗೆ ಹೊಕ್ಕು ನೋಡಿದರೇ ಬೇರೆ ಅಂತ ತಿಳಿಯುವುದು. ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೋರೆಕ್ ಎಂಬ ಉಚಿತ ತಂತ್ರಾಂಶಕ್ಕೆ ಈ ವ್ಯತ್ಯಾಸ ಗೊತ್ತು. ಅಳಿಸಿಹೋದ ಫೈಲುಗಳನ್ನೂ ಅದು ಹೆಕ್ಕುತ್ತದೆ. ಕೆಲವು ಸಂಚಿಕೆ ಹೀಗೆ ಸಿಕ್ಕವು. ಕೆಲವು ಅರ್ಧಕ್ಕೆ ತುಂಡಾಗಿದ್ದವು, ಎರಡು ಪುಟ ತೆರೆದು ಮೂರನೆಯದಕ್ಕೆ ನಿಂತವು.

ಅಕ್ಷರ ಉಳಿಸಿಕೊಳ್ಳುವ ಕೆಲಸ

ಡೇಟಾ ರಿಕವರಿ ಮಾಡುವ ಬಹಳ ಜನ ಇಲ್ಲಿಗೆ ಕೆಲಸ ಮುಗಿಸುತ್ತಾರೆ. ಫೈಲ್ ಬಂತು, ಪೆನ್ ಡ್ರೈವಿಗೆ ಹಾಕಿ ಕೊಟ್ಟರು, ದುಡ್ಡು ತೆಗೆದುಕೊಂಡರು. ಕನ್ನಡದ ಹಳೇ ಫೈಲಿಗೆ ಅದು ಸಾಲದು. ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ ಇರುವ ಎ ಹೀಗೆ ಸಾಲುಸಾಲು ಗೊಂದಲ ಕಾಣುತ್ತದೆ. ನೋಡಿದವರು ಫೈಲ್ ಕೆಟ್ಟಿದೆ ಅಂತ ಅಳಿಸಿಬಿಡುತ್ತಾರೆ. ಫೈಲ್ ಸರಿಯಾಗಿಯೇ ಇರುತ್ತದೆ, ಅದರ ಫಾಂಟ್ ಇರುವುದಿಲ್ಲ ಅಷ್ಟೇ.

ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಆದರೆ ಅದು ನಮ್ಮ ಡಿಟಿಪಿ ಟೇಬಲ್ಲಿಗೆ ಬರಲು ಬಹಳ ವರ್ಷ ಬೇಕಾಯಿತು. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳೇ ನಡೆದವು. ಅಕ್ಷರ ಅಲ್ಲ, ಅಕ್ಷರದ ತುಂಡು. ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳನ್ನೇ ನೋಡಿ. ಅಲ್ಲಿ ‘ಮ’ ಅಂದರೆ ‘ವ’ದ ತುಂಡು ಮತ್ತು ಒಂದು ಕೊಂಬು. ‘ವು’ ಬರೆಯಲು ಬೇರೆಯದೇ ಕೊಂಬು ಇದೆ. ‘ಕರ್ನಾಟಕ’ದ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೇ ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಬದಲಿಸುವ ತಂತ್ರಾಂಶ ಇದನ್ನೆಲ್ಲ ತಿಳಿದು ಜಾಗ ಅದಲುಬದಲು ಮಾಡಬೇಕು.

ಈ ಡಿಸ್ಕಿನಲ್ಲಿ ಎರಡು ಬಗೆ ಇತ್ತು. ಕೊನೆಕೊನೆಯ ಅರ್ಜಿ, ಪತ್ರಗಳು ಬರಹದಲ್ಲಿ. ಅವಕ್ಕೆ ಬದಲಿಸುವ ಸಿದ್ಧ ತಂತ್ರಾಂಶಗಳಿವೆ, ತೊಂದರೆ ಇಲ್ಲ. ಪತ್ರಿಕೆಯ ಪುಟಗಳು ಮಾತ್ರ ಅದಕ್ಕೂ ಹಿಂದಿನ ಒಂದು ಡಿಟಿಪಿ ಪ್ಯಾಕೇಜಿನ ಫಾಂಟುಗಳಲ್ಲಿ. ಅದರ ಕ್ರಮವೇ ಬೇರೆ, ಸಿದ್ಧ ಪರಿವರ್ತಕ ನನಗೆ ಸಿಗಲಿಲ್ಲ.

ಇಲ್ಲಿ ಇಡೀ ಡಿಸ್ಕಿನ ಇಮೇಜ್ ತೆಗೆದದ್ದು ಎರಡನೇ ಸಲ ಕೈ ಹಿಡಿಯಿತು. ಬರೀ ಪತ್ರಿಕೆಯ ಫೋಲ್ಡರ್ ಎತ್ತಿಕೊಂಡಿದ್ದರೆ ಫಾಂಟುಗಳು ಹಳೇ ಡಿಸ್ಕಿನಲ್ಲೇ ಉಳಿಯುತ್ತಿದ್ದವು. ಇಮೇಜಿನಲ್ಲಿ ವಿಂಡೋಸ್, ಪೇಜ್‌ಮೇಕರ್, ಫಾಂಟ್ ಎಲ್ಲ ಇದ್ದಲ್ಲೇ ಇದ್ದವು. ಅದರ ಇನ್ನೊಂದು ಪ್ರತಿಯನ್ನು ಕ್ಯೂಇಎಂಯು ಎಂಬ ಎಮ್ಯುಲೇಟರಿನಲ್ಲಿ (ಹೊಸ ಕಂಪ್ಯೂಟರಿನೊಳಗೆ ಹಳೇ ಕಂಪ್ಯೂಟರಿನಂತೆ ನಡೆಯುವ ತಂತ್ರಾಂಶ) ಹಾಕಿ ಬೂಟ್ ಮಾಡಿದೆ. ವಿಂಡೋಸ್ 98 ಎದ್ದಿತು. ಹೊಸ ಹಾರ್ಡ್‌ವೇರ್ ಸಿಕ್ಕಿದೆ, ಸಿಡಿ ಹಾಕು ಅಂತ ಕೇಳಿತು. ಆಗೆಲ್ಲ ಕಂಪ್ಯೂಟರ್ ಜೋಡಿಸಿ ಕೊಡುವವರು ವಿಂಡೋಸ್ ಸಿಡಿಯನ್ನು ಡಿಸ್ಕಿಗೇ ಕಾಪಿ ಮಾಡಿ ಇಡುತ್ತಿದ್ದರು. ಇಲ್ಲೂ ಇಟ್ಟಿದ್ದರು. ಆ ಪುಣ್ಯಾತ್ಮನಿಗೆ ನಮಸ್ಕಾರ.

ಪೇಜ್‌ಮೇಕರಿನಲ್ಲಿ ಸಂಚಿಕೆ ತೆರೆದಾಗ ಅಕ್ಷರ ಅಕ್ಷರವೂ ಇದ್ದ ಹಾಗೇ ಕಂಡವು. ವಿಂಡೋಸ್ 98ರ ಜೊತೆಗೇ ಬರುವ ಒಂದು ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ) ಪ್ರಿಂಟರ್ ಡ್ರೈವರ್ ಹಾಕಿ, ಕಾಗದದ ಬದಲು ಫೈಲಿಗೆ ಪ್ರಿಂಟ್ ಕೊಟ್ಟೆ. ಆ ಫೈಲನ್ನು ಹೊರಗೆ ತಂದು ಗೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದಿಂದ ಪಿಡಿಎಫ್ ಮಾಡಿದೆ. ಫಾಂಟ್ ಪಿಡಿಎಫ್ ಒಳಗೇ ಸೇರಿಕೊಂಡಿತು. ಇನ್ನು ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಹಾಗೇ ಕಾಣುತ್ತದೆ. ಫೋಟೋಗಳ ಜಾಗದಲ್ಲಿ ಮಾತ್ರ ಖಾಲಿ ಚೌಕ. ಆಗ ಸಣ್ಣ ಪತ್ರಿಕೆಯವರು ಫೋಟೋವನ್ನು ಅಚ್ಚಿನ ಪ್ಲೇಟ್ ಮಾಡುವ ಮೊದಲು ಕೈಯಿಂದ ಅಂಟಿಸುತ್ತಿದ್ದರು. ಅವು ಡಿಸ್ಕಿಗೆ ಬಂದೇ ಇಲ್ಲ. ಚೌಕದ ಕೆಳಗಿನ ಅಡಿಬರಹ ಇದೆ, ಚಿತ್ರ ಇಲ್ಲ.

ಓದಲು ಪಿಡಿಎಫ್ ಸಾಕು, ಹುಡುಕಲು ಸಾಲದು. ಒಂದು ಓಣಿಯ ಹೆಸರು ಕೊಟ್ಟರೆ ಆ ಸುದ್ದಿ ಬರಬೇಕು ಅಲ್ವಾ? ಅದಕ್ಕೆ ಯೂನಿಕೋಡ್ ಪಠ್ಯ ಬೇಕು. ಪಠ್ಯ ಹೊರತೆಗೆಯಲು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ನೆರವಾಯಿತು. 2015ರ 4.4 ಆವೃತ್ತಿಯಿಂದ ಅದು ಪೇಜ್‌ಮೇಕರ್ ಫೈಲ್ ತೆರೆಯುತ್ತದೆ. ಪುಟವಿನ್ಯಾಸ ಅತ್ತಿತ್ತ ಆಗುತ್ತದೆ, ಪಠ್ಯ ಸಿಗುತ್ತದೆ. ಆಮೇಲೆ ಆ ಹಳೇ ಫಾಂಟಿನ ಪ್ರತಿಯೊಂದು ತುಂಡನ್ನೂ ದೊಡ್ಡದಾಗಿ ಪ್ರಿಂಟ್ ಮಾಡಿ, ಪಕ್ಕದಲ್ಲಿ ಅದರ ಕೋಡ್ ಸಂಖ್ಯೆ ಹಾಕಿ ಅಕ್ಕಾರಿಗೆ ಕೊಟ್ಟೆ. ಯಾವ ತುಂಡುಗಳು ಸೇರಿ ಯಾವ ಅಕ್ಷರ ಆಗುತ್ತದೆ ಅಂತ ಅವರು ಶಾಲೆ ಬಿಟ್ಟ ಮೇಲೆ ಕೂತು ಪಟ್ಟಿ ಮಾಡಿದರು. ಹುಡುಗಿಯಾಗಿದ್ದಾಗ ಅಪ್ಪನ ಪಕ್ಕ ಕೂತು ಪ್ರೂಫ್ ನೋಡಿದವರು ಅವರು. ನಾನು ಒಬ್ಬನೇ ಮಾಡಿದ್ದರೆ ಈ ಪಟ್ಟಿ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಅದರ ಮೇಲೆ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದೆ. ಒತ್ತಕ್ಷರಗಳಲ್ಲಿ ಈಗಲೂ ಅಲ್ಲಲ್ಲಿ ತಪ್ಪು ಬರುತ್ತದೆ. ಪಿಡಿಎಫ್ ಪಕ್ಕದಲ್ಲಿಟ್ಟು ತಿದ್ದುವ ಕೆಲಸ ನಡೆದಿದೆ.

ಯಾರದ್ದು ಈ ಮಾಹಿತಿ?

ಡಿಸ್ಕಿನಲ್ಲಿ ಪತ್ರಿಕೆ ಒಂದೇ ಇರಲಿಲ್ಲ. ಊರವರ ಅರ್ಜಿಗಳ ದೊಡ್ಡ ರಾಶಿ ಇತ್ತು. ಮನೆಯ ಪರಿಹಾರ ಕಡಿಮೆ ಬಂದಿದೆ, ಅಣ್ಣತಮ್ಮಂದಿರ ಪಾಲು ಬೇರೆ ಮಾಡಿ, ನಿವೇಶನ ಕೊಡಿ ಹೀಗೆ. ಹೆಸರು, ಸರ್ವೆ ನಂಬರ್, ಸಾಲ, ಮನೆಜಗಳ ಎಲ್ಲ ಅದರಲ್ಲಿದೆ. ಮುಳುಗಡೆಯ ಚರಿತ್ರೆ ಬರೆಯುವವರಿಗೆ ಪತ್ರಿಕೆಗಿಂತ ಇವೇ ಜಾಸ್ತಿ ಬೆಲೆಯವು ಅನ್ನಿಸಬಹುದು. ಆದರೆ ಆ ಜನ ಬಂದದ್ದು ಟೈಪ್ ಮಾಡಿಸಲು. ಮುಂದೊಂದು ದಿನ ಯಾರಾದರೂ ಓದಲಿ ಅಂತ ಅಲ್ಲ.

ಈ ಬಗ್ಗೆ ಅಕ್ಕಾರು ಮತ್ತು ನಾನು ಬಹಳ ಹೊತ್ತು ಮಾತಾಡಿದೆವು. ಪತ್ರಿಕೆಯ ಪುಟಗಳು ಒಮ್ಮೆ ಊರಿಗೆ ಹಂಚಿದವು, ಅವನ್ನು ಎಲ್ಲರಿಗೂ ಕೊಡಬಹುದು. ಅರ್ಜಿಗಳನ್ನು ಕೊಡುವಂತಿಲ್ಲ. ಅವನ್ನು ಬೇರೆ ಮಾಡಿ, ಪಾಸ್‌ವರ್ಡ್ ಹಾಕಿ ಇಟ್ಟಿದ್ದೇವೆ. ಆ ಮನೆತನದವರೇ ಬಂದು ಕೇಳಿದರೆ ಅವರ ಕಾಗದ ಅವರಿಗೆ. ಇಡೀ ಡಿಸ್ಕಿನ ಇಮೇಜಿನಲ್ಲಿ ಇವೆಲ್ಲ ಇರುವುದರಿಂದ ಅದನ್ನೂ ಹೊರಗೆ ಕೊಡುವುದಿಲ್ಲ. ಹಳೇ ಡಿಟಿಪಿ ಅಂಗಡಿ, ಝೆರಾಕ್ಸ್ ಅಂಗಡಿ, ವಕೀಲರ ಕಚೇರಿಯ ಡಿಸ್ಕ್ ಯಾರ ಕೈಗೆ ಸಿಕ್ಕರೂ ಇಷ್ಟು ಎಚ್ಚರ ಬೇಕೇ ಬೇಕು. ಗುಜರಿಗೆ ಹಾಕುವವರಿಗೂ ಇದೇ ಮಾತು.

ಈಗ ಏನಿದೆ

ಮೂಲ ಇಮೇಜ್, ಡಿಡಿರೆಸ್ಕ್ಯೂ ನಕ್ಷೆ, ಪೇಜ್‌ಮೇಕರ್ ಫೈಲು, ಫಾಂಟು, ಪಿಡಿಎಫ್, ಯೂನಿಕೋಡ್ ಪಠ್ಯ, ಫಾಂಟ್ ಪಟ್ಟಿ, ಪ್ರೋಗ್ರಾಂ ಎಲ್ಲ ಒಂದೇ ಕಟ್ಟಿನಲ್ಲಿವೆ. ಏನು ಎಲ್ಲಿದೆ, ಹೇಗೆ ತೆರೆಯಬೇಕು ಅಂತ ಸರಳ ಕನ್ನಡದಲ್ಲಿ ಒಂದು ಪುಟ ಬರೆದು ಸೇರಿಸಿದ್ದೇನೆ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಮೊತ್ತ (ಫೈಲಿನೊಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ತೆಗೆದಿಟ್ಟಿದೆ. ಒಂದೇ ಒಂದು ಬಿಟ್ ಬದಲಾದರೂ ಆ ಮೊತ್ತ ಬದಲಾಗುತ್ತದೆ, ಹಾಗಾಗಿ ಪ್ರತಿ ಕೆಟ್ಟಿದೆಯೋ ಇಲ್ಲವೋ ತಿಳಿಯುತ್ತದೆ. ಮೂರು ಪ್ರತಿ ಮಾಡಿದೆವು. ಎರಡು ನವನಗರದಲ್ಲಿ ಬೇರೆ ಬೇರೆ ಮನೆಯಲ್ಲಿ, ಒಂದು ಬೆಳಗಾವಿಯಲ್ಲಿರುವ ಅಕ್ಕಾರ ತಮ್ಮನ ಹತ್ತಿರ. ಪೆನ್ ಡ್ರೈವ್, ಎಸ್‌ಎಸ್‌ಡಿ ಬೇಡ ಅಂದೆ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅವುಗಳ ಒಳಗಿನ ಚಾರ್ಜ್ ಸೋರಿ ಮಾಹಿತಿ ಹೋಗಬಹುದು. ಸಾಮಾನ್ಯ ಹಾರ್ಡ್ ಡಿಸ್ಕ್ ಸಾಕು, ವರ್ಷಕ್ಕೊಮ್ಮೆ ಹಚ್ಚಿ ಮೊತ್ತ ತಾಳೆ ನೋಡಬೇಕು.

ಸೀಗೇಟ್ ಡಿಸ್ಕ್ ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಅಕ್ಕಾರ ಮನೆಯಲ್ಲಿದೆ. ಲ್ಯಾಬಿಗೆ ಕಳಿಸಿದರೆ ಖರ್ಚು ದೊಡ್ಡದು, ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. “ಮುಂದಿನ ವರ್ಷ ನೋಡೂಣ್ರಿ ಅಣ್ಣಾರ, ತಮ್ಮನ್ನೂ ಕೇಳತೀನಿ” ಅಂದಿದ್ದಾರೆ. ಅಲ್ಲಿಯವರೆಗೆ ಅದಕ್ಕೆ ಯಾರೂ ಕರೆಂಟ್ ಕೊಡಬಾರದು ಅಂತ ಚೀಲದ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಅದರ ಪಕ್ಕ ಅದೇ ಮಾದರಿಯ ಇನ್ನೊಂದು ಡಿಸ್ಕ್ ಇದೆ. ಗುಜರಿಯಲ್ಲಿ ಕಂಡಾಗ ತಂದಿಟ್ಟೆ, ಹೆಡ್ ಬದಲಿಸುವ ದಿನ ಬಂದರೆ ಲ್ಯಾಬಿನವರು ಮೊದಲು ಕೇಳುವುದು ಅದನ್ನೇ.